ಬೆಳೆದ ಮಕ್ಕಳಿರುವ ಮನೆಗೆ, ಮನೆಮಂದಿಗೆಲ್ಲ ಸೇರಿ ಒಂದೇ ಉಡುಗೊರೆ: ಏನು ಕೊಡಬಹುದು?

ಪ್ರಶ್ನೆ: ವಿದ್ಯಾನಗರ ನಿವಾಸಿ, ಕಾಸರಗೋಡು

ಮುಳ್ಳೇರಿಯಾ ಸಮೀಪ ನನ್ನ ಅಕ್ಕ ಮತ್ತು ಭಾವ ಕಟ್ಟಿಸಿರುವ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಮೇ ತಿಂಗಳಲ್ಲಿ ನಡೆಯಲಿದೆ. ಈಗಿನ ರೂಢಿಯಂತೆ ಆಮಂತ್ರಣ ಪತ್ರಿಕೆಯ ಕೆಳಗೆ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಿದ್ದಾರೆ. ಒಡಹುಟ್ಟಿದವರಿಗೆ ಆ ಸಾಲು ಅನ್ವಯವಾಗುವುದಿಲ್ಲವೆಂದು ಅಣ್ಣ, ತಂಗಿ ಮತ್ತು ನಾನು ತೀರ್ಮಾನಿಸಿಕೊಂಡು, ಮೂವರೂ ಸೇರಿ ಹತ್ತು ಸಾವಿರ ರೂಪಾಯಿಯ ಒಳಗೆ ಏನಾದರೂ ಒಂದನ್ನು ಕೊಡಬೇಕೆಂದಿದ್ದೇವೆ.

ಮನೆಯಲ್ಲಿ ಐವರಿದ್ದಾರೆ. ಅಕ್ಕ ಮತ್ತು ಭಾವನ ಜೊತೆಗೆ ಭಾವನ ತಾಯಿ, ಅಂದರೆ ಮಕ್ಕಳ ಅಜ್ಜಿ, ಇದ್ದಾರೆ; ಅವರು ಎಪ್ಪತ್ತು ದಾಟಿದವರು, ಎರಡೂ ಕಣ್ಣುಗಳ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ, ನೆಲದಲ್ಲಿ ಕುಳಿತುಕೊಳ್ಳಲು ಅವರಿಂದಾಗುವುದಿಲ್ಲ. ಅಕ್ಕನ ಮಗಳು ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಪದವಿ ಓದುತ್ತಿದ್ದಾಳೆ, ಶನಿವಾರ ಅನುಕೂಲವಾದಾಗ ಮನೆಗೆ ಬರುತ್ತಾಳೆ. ಅಕ್ಕನ ಮಗ, ಅಂದರೆ ನನ್ನ ಅಳಿಯ, ಪ್ಲಸ್ ವನ್ (ಹನ್ನೊಂದನೆಯ ತರಗತಿ) ಮುಗಿಸಿದ್ದಾನೆ. ಜೂನ್‌ನಿಂದ ಪ್ಲಸ್ ಟು, ಅಂದರೆ ಅಕ್ಕನ ಪಾಲಿಗೆ ಆತಂಕದ ವರ್ಷ.

ಮಿಕ್ಸಿ, ಗ್ರೈಂಡರ್, ಫ್ರಿಜ್, ಇನ್ವರ್ಟರ್ ಮುಂತಾದ ಮನೆಗೆ ಬೇಕಾದ ಸಾಮಾನುಗಳನ್ನೆಲ್ಲ ಅವರು ಆಗಲೇ ಕೊಂಡಿದ್ದಾರೆ. ಗೋಡೆ ಗಡಿಯಾರ, ದೀಪ, ದೇವರ ಪಟ ಇತ್ಯಾದಿಗಳು ಆಮಂತ್ರಣದ ಸಾಲನ್ನು ಲೆಕ್ಕಿಸದೆ ಹೇಗೂ ಬರುತ್ತವೆ. ಅಣ್ಣ ದೊಡ್ಡ ಟಿವಿಗೆ ಇನ್ನಷ್ಟು ಹಣ ಸೇರಿಸೋಣ ಎಂದನು, ಆದರೆ ಆ ಮನೆಯಲ್ಲಿ ಟಿವಿಯ ಮುಂದೆ ಕುಳಿತಾಗಲೂ ಮಕ್ಕಳಿಬ್ಬರು ತಮ್ಮ ತಮ್ಮ ಫೋನಿನಲ್ಲಿರುತ್ತಾರೆ. ಐವರಿಗೆ ಐದು ಪ್ರತ್ಯೇಕ ವಸ್ತುಗಳನ್ನು ಕೊಡೋಣ ಎಂಬುದು ತಂಗಿಯ ಅಭಿಪ್ರಾಯ. ಆಗ ತಲೆಗೆ ಎರಡು ಸಾವಿರದ ಐದು ಬಟ್ಟೆಗಳಾಗುತ್ತವೆಯೇ ಹೊರತು ಮನೆಗೆ ಕೊಟ್ಟಂತಾಗುವುದಿಲ್ಲ.

ಮಕ್ಕಳು ಚಿಕ್ಕವರಾಗಿದ್ದರೆ ಇದೊಂದು ಸಮಸ್ಯೆಯೇ ಆಗುತ್ತಿರಲಿಲ್ಲ. ಉಯ್ಯಾಲೆ ಕಟ್ಟಿಸಿಕೊಟ್ಟು ಸುಮ್ಮನಾಗಬಹುದಿತ್ತು. ಹದಿನಾರರಿಂದ ಇಪ್ಪತ್ತರ ನಡುವಿನ ಮಕ್ಕಳು, ನಡುವಯಸ್ಸಿನ ತಂದೆತಾಯಿ ಮತ್ತು ಒಬ್ಬ ಅಜ್ಜಿ, ಈ ಎಲ್ಲರೂ ತಮ್ಮದೆಂದುಕೊಂಡು ಬಳಸುವ ವಸ್ತು ಯಾವುದಿರಬಹುದು? ವಸ್ತುವೇ ಆಗಬೇಕೆಂಬ ಹಟ ನನಗಿಲ್ಲ.

ಉತ್ತರ: ನೀರ್ಚಾಲಿನವರು

ಹೆಚ್ಚು ಯೋಚಿಸದೆ ಹೇಳುವುದಾದರೆ, ಸರಿಯಾದ ಅಳತೆಯ ಒಂದು ಕೇರಂ ಬೋರ್ಡನ್ನು, ಅದಕ್ಕೆ ತಕ್ಕ ಸ್ಟ್ಯಾಂಡಿನೊಂದಿಗೆ ಕೊಡಿ. ‘ಸರಿಯಾದ ಅಳತೆ’ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆಟಿಕೆಯ ಅಂಗಡಿಗಳಲ್ಲಿ ಸಿಗುವ ಚಿಕ್ಕ ಬೋರ್ಡುಗಳು ಮಕ್ಕಳಿಗಾಗಿ ಮಾಡಿದವು; ದೊಡ್ಡವರ ಕೈಗೆ ಅದರಲ್ಲಿ ಸ್ಟ್ರೈಕರ್ ಹೊಡೆದ ಸುಖವೇ ಸಿಗುವುದಿಲ್ಲ, ಒಂದು ವಾರದಲ್ಲಿ ಬೇಸರ ಬಂದು ಅದು ಕಪಾಟಿನ ಹಿಂಬದಿ ಸೇರುತ್ತದೆ. ಪಂದ್ಯಗಳಲ್ಲಿ ಬಳಸುವ ಬೋರ್ಡಿನ ಆಡುವ ಭಾಗ ಒಂದೊಂದು ಬದಿಗೆ 74 ಸೆಂಟಿಮೀಟರ್ ಇರುತ್ತದೆ, ಮರದ ಚೌಕಟ್ಟು ಸೇರಿದರೆ ಸುಮಾರು 88. ಪ್ಲೈವುಡ್‌ನ ದಪ್ಪ 8 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಬೇಡ. 12ರದ್ದು ಸಿಕ್ಕಿದರೆ ಒಳ್ಳೆಯದು.

ನೀವು ಹೇಳಿದ ಮನೆಗೆ ಇದು ಹೊಂದುವುದಕ್ಕೆ ಒಂದು ಕಾರಣವಿದೆ. ಮಗಳು ಮಂಗಳೂರಿನಲ್ಲಿರುವ ದಿನಗಳಲ್ಲಿ ಮನೆಯಲ್ಲಿ ಉಳಿಯುವವರು ನಾಲ್ವರು, ಕೇರಂಗೆ ಬೇಕಾದವರೂ ನಾಲ್ವರು. ಅವಳು ಬಂದಾಗ ಒಬ್ಬರು ಹೊರಗುಳಿದು ಪಂಚಾಯಿತಿಗೆ ಕುಳಿತುಕೊಳ್ಳಬಹುದು. ನಮ್ಮ ಕಡೆಯ ಮನೆಗಳಲ್ಲಿ ಆ ಸ್ಥಾನಕ್ಕೂ ಪೈಪೋಟಿಯಿರುತ್ತದೆ. ಇಬ್ಬರೇ ಇದ್ದರೂ ಆಟ ನಿಲ್ಲುವುದಿಲ್ಲ. ಒಂದು ಬೋರ್ಡು, ಅಂದರೆ ಆಟದ ಒಂದು ಸುತ್ತು, ಮುಗಿಯಲು ಹತ್ತು ಹದಿನೈದು ನಿಮಿಷ ಸಾಕಾಗುವುದರಿಂದ ಪರೀಕ್ಷೆಯ ವರ್ಷದ ಹುಡುಗ ಊಟಕ್ಕೆ ಮೊದಲು ಆಡಿ ಎದ್ದು ಹೋಗಬಹುದು. ಫೋನಿನ ಆಟದಲ್ಲಿ ಎದ್ದು ಹೋಗುವ ಹೊತ್ತೆಂಬುದೇ ಇರುವುದಿಲ್ಲ. ನಿಮ್ಮ ಅಕ್ಕನಿಗೆ ಈ ವ್ಯತ್ಯಾಸವನ್ನು ತಿಳಿಸಿ ಹೇಳಿದರೆ ಅವರು ಒಪ್ಪಬಹುದು.

ಅಜ್ಜಿ ನೆಲದಲ್ಲಿ ಕುಳಿತುಕೊಳ್ಳಲಾರರು ಎಂದಿದ್ದೀರಿ, ಆದ್ದರಿಂದ ಸ್ಟ್ಯಾಂಡನ್ನು ಬಿಡಬೇಡಿ. ಕುರ್ಚಿಯಲ್ಲಿ ಕುಳಿತು ಆಡುವ ಎತ್ತರದ್ದು, ಅಂದರೆ ಸುಮಾರು 65ರಿಂದ 70 ಸೆಂಟಿಮೀಟರ್‌ನದ್ದು, ಬೇಕು. ಪೊರೆ ತೆಗೆಸಿದ ಕಣ್ಣಿಗೆ ಬೆಳಕಿನ ಪ್ರತಿಫಲನ ಕಿರಿಕಿರಿ ಮಾಡುವುದುಂಟು. ಬೋರ್ಡಿನ ನೆತ್ತಿಯ ಮೇಲೆ ನೇರವಾಗಿ, ಮುಚ್ಚಳವಿರುವ ಬಲ್ಬನ್ನು ತೂಗುಹಾಕಿದರೆ ಕಾಯಿಗಳೂ ಕುಳಿಗಳೂ ಸ್ಪಷ್ಟವಾಗಿ ಕಾಣುತ್ತವೆ.

ಉತ್ತರ: ಚೆರ್ಕಳದ ವ್ಯಾಪಾರಿ

ಮನೆ ಕಟ್ಟಿ ಮುಗಿಸಿದವರಿಗೆ ಹಣದಷ್ಟು ಉಪಯುಕ್ತವಾದ ಉಡುಗೊರೆ ಬೇರೊಂದಿಲ್ಲ. ಬಡಗಿಗೋ ಬಣ್ಣದವರಿಗೋ ಇನ್ನೂ ಬಾಕಿ ಉಳಿದಿರುತ್ತದೆ. ಲಕೋಟೆಯಲ್ಲಿ ಹಾಕಿ ಭಾವನ ಕೈಗೆ ಕೊಡಿ.

ಉತ್ತರ: ತೋಟದಂಚಿನ ಹಕ್ಕಿವೀಕ್ಷಕ

ಚೆರ್ಕಳದವರ ಮಾತು ಸುಳ್ಳಲ್ಲ, ಆದರೆ ಆ ಹಣ ಬಡಗಿಗೆ ಹೋಗುತ್ತದೆ, ಮನೆಮಂದಿಗೆ ಹೋಗುವುದಿಲ್ಲ.

ನನ್ನ ಸಲಹೆ ಒಂದು ಒಳ್ಳೆಯ ದುರ್ಬೀನು. ಮುಳ್ಳೇರಿಯಾ ಸಮೀಪದ ಮನೆಯೆಂದರೆ ಸುತ್ತ ಅಡಿಕೆ ತೋಟ, ಅದರಾಚೆ ಗುಡ್ಡ ಇರುತ್ತದೆಂದು ಭಾವಿಸಿ ಹೇಳುತ್ತಿದ್ದೇನೆ. ಅಂಥ ಮನೆಯ ಜಗಲಿಯಲ್ಲಿ ಕುಳಿತೇ ಮಂಗಟ್ಟೆ, ಮಿಂಚುಳ್ಳಿ, ಕೆಂಬೂತ, ಮರಕುಟಿಗ, ಮಳೆಗಾಲದ ಆರಂಭದಲ್ಲಿ ಗುಡ್ಡದ ನವಿಲು, ಇವೆಲ್ಲವನ್ನೂ ನೋಡಬಹುದು. ಬಿಳಿ ಹೊಟ್ಟೆಯ ಕಡಲ ಹದ್ದನ್ನು ನಮ್ಮ ಜಿಲ್ಲೆಯ ಹಕ್ಕಿಯೆಂದು ಘೋಷಿಸಿದ್ದಾರೆ, ಆದರೆ ಜಿಲ್ಲೆಯ ಒಳಭಾಗದ ಎಷ್ಟೋ ಮಕ್ಕಳು ಅದನ್ನು ಒಮ್ಮೆಯೂ ಗುರುತಿಸಿ ನೋಡಿದವರಲ್ಲ. ದುರ್ಬೀನು ಮನೆಯಲ್ಲಿದ್ದರೆ ಕರಾವಳಿಗೆ ಹೋಗುವ ದಿನ ಅದೂ ಚೀಲದಲ್ಲಿರುತ್ತದೆ.

ಕೊಳ್ಳುವಾಗ ಅದರ ಮೇಲೆ ಬರೆದಿರುವ ಎರಡು ಸಂಖ್ಯೆಗಳನ್ನು ನೋಡಿ. 8×42 ಎಂದಿದ್ದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ವ್ಯಾಸ 42 ಮಿಲಿಮೀಟರ್. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದಾಗ ಸಿಗುವ ಐದು ಮಿಲಿಮೀಟರ್‌ನಷ್ಟು ಅಗಲದ ಬೆಳಕಿನ ಕಂಬ ಕಣ್ಣಿಗೆ ತಲಪುವುದರಿಂದ, ತೋಟದ ನೆರಳಿನಲ್ಲೂ ಸಂಜೆಯಲ್ಲೂ ಚಿತ್ರ ಮಂಕಾಗುವುದಿಲ್ಲ. ಹೆಚ್ಚು ಪಟ್ಟು ಎಂದರೆ ಹೆಚ್ಚು ಒಳ್ಳೆಯದು ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಪಟ್ಟು ಹೆಚ್ಚಿದಷ್ಟೂ ಕೈಯ ನಡುಕವೂ ದೊಡ್ಡದಾಗುತ್ತದೆ, ಅಜ್ಜಿಯಂಥವರಿಗೆ ಹತ್ತು ಪಟ್ಟಿನದ್ದನ್ನು ಸ್ಥಿರವಾಗಿ ಹಿಡಿಯುವುದು ಕಷ್ಟ. ಮನೆಯಲ್ಲಿ ಕನ್ನಡಕದವರಿದ್ದರೆ, ಕಣ್ಣಿಗೂ ದುರ್ಬೀನಿನ ಗಾಜಿಗೂ ನಡುವೆ 15 ಮಿಲಿಮೀಟರ್‌ಗಿಂತ ಹೆಚ್ಚಿನ ಅಂತರದಲ್ಲಿಯೂ ಪೂರ್ತಿ ದೃಶ್ಯ ಕಾಣುವಂಥದ್ದನ್ನು ಆರಿಸಬೇಕು. ನಿಮ್ಮ ಮೊತ್ತದೊಳಗೆ ಕಲಿಯುವವರಿಗೆ ಸಾಕಾಗುವಂಥದ್ದು ಸಿಗುತ್ತದೆ.

ಇದೇ ಹಣಕ್ಕೆ ದೂರದರ್ಶಕವೂ ಬರುತ್ತದಲ್ಲ ಎಂದು ಅಳಿಯ ಕೇಳಬಹುದು. ಪೆಟ್ಟಿಗೆಯ ಮೇಲೆ ಐನೂರು ಪಟ್ಟು ಎಂದು ಅಚ್ಚು ಹಾಕಿದ 60 ಮಿಲಿಮೀಟರ್‌ನ ಅಗ್ಗದ ದೂರದರ್ಶಕಗಳಿಂದ ದೂರವಿರಿ. ಗಾಜಿನ ವ್ಯಾಸ ಎಷ್ಟು ಮಿಲಿಮೀಟರೋ ಸುಮಾರಾಗಿ ಅದರ ಇಮ್ಮಡಿಯೇ ಉಪಯುಕ್ತ ಪಟ್ಟಿನ ಮಿತಿ, ಅಂದರೆ 60ಕ್ಕೆ 120. ಅದನ್ನು ಮೀರಿದರೆ ಕಾಣುವುದು ದೊಡ್ಡದಾದ ಮಸುಕು ಮಾತ್ರ. ಅದೂ ಅಲ್ಲದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಿನ ಆಕಾಶದಲ್ಲಿ ನಕ್ಷತ್ರ ಹುಡುಕುವುದು ವ್ಯರ್ಥ. ಮೇ ತಿಂಗಳಲ್ಲಿ ಕೊಟ್ಟ ದೂರದರ್ಶಕದ ಮೇಲಿನ ಉತ್ಸಾಹ ಮೋಡ ಚದುರುವಷ್ಟರಲ್ಲಿ ತಣ್ಣಗಾಗಿರುತ್ತದೆ. ದುರ್ಬೀನಿನಲ್ಲಿ ಚಂದ್ರನ ಕುಳಿಗಳು, ಕೃತ್ತಿಕೆಯ ಗುಂಪು, ಕೈ ಕಂಬಕ್ಕೆ ಆನಿಸಿ ಹಿಡಿದರೆ ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳು ಕಾಣುತ್ತವೆ. ಶನಿಯ ಬಳೆ ಮಾತ್ರ ಕಾಣುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಿ.

ಒಂದು ಎಚ್ಚರಿಕೆ ಅಗತ್ಯ. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಗಾಜಿನೊಳಗೆ ಬೂಷ್ಟು ಹಿಡಿಯುವುದು ಸಾಮಾನ್ಯ, ಹಿಡಿದ ಮೇಲೆ ತೆಗೆಸುವುದು ದುಬಾರಿ. ಅದರ ಜೊತೆಗೆ ಬರುವ ಬಟ್ಟೆಯ ಚೀಲದಲ್ಲಿ ಇಟ್ಟರೆ ತೇವ ಅಲ್ಲೇ ಉಳಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು. ನೀಲಿ ಬಣ್ಣದ ಜೆಲ್ ತೇವ ಹೀರಿದಾಗ ಗುಲಾಬಿಯಾಗುತ್ತದೆ. ಅಡುಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿಗೆ ತಿರುಗುತ್ತದೆ.

ಉತ್ತರ: ನೀರ್ಚಾಲಿನವರು

ಹಕ್ಕಿವೀಕ್ಷಕರೇ, ದುರ್ಬೀನು ಒಳ್ಳೆಯದೇ. ಆದರೆ ಒಬ್ಬರು ನೋಡುವಾಗ ನಾಲ್ವರು ಕಾಯಬೇಕು, ತಮ್ಮ ಸರದಿ ಬರುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ. ಒಬ್ಬನಿಗೆ ಹುಚ್ಚು ಹತ್ತಿದರೆ ಅದು ಅವನ ಸ್ವತ್ತಾಗುತ್ತದೆ, ಯಾರಿಗೂ ಹತ್ತದಿದ್ದರೆ ಆ ಸಿಲಿಕಾ ಜೆಲ್ ಬಿಸಿಮಾಡುವ ಕೆಲಸ ಅಕ್ಕನ ತಲೆಗೆ ಬರುತ್ತದೆ.

ಉತ್ತರ: ತೋಟದಂಚಿನ ಹಕ್ಕಿವೀಕ್ಷಕ

ಅಷ್ಟು ಬೇಗ ಹಾರುವುದಿಲ್ಲ. ಹಣ್ಣಾದ ಆಲದ ಮರಕ್ಕೆ ಬಂದ ಮಂಗಟ್ಟೆ ಅರ್ಧ ಗಂಟೆಯಾದರೂ ಅಲ್ಲಿರುತ್ತದೆ. ಆದರೆ ಯಾರಾದರೊಬ್ಬರು ಅದರ ಹೊಣೆ ಹೊರಬೇಕು ಎಂಬುದನ್ನು ಒಪ್ಪುತ್ತೇನೆ. ಆ ಒಬ್ಬರು ಮಕ್ಕಳಲ್ಲೊಬ್ಬರಾಗಿರಬೇಕು.

ಉತ್ತರ: ಕುಂಬಳೆಯ ಹಿರಿಯ

ಎಲ್ಲರೂ ವಸ್ತುಗಳನ್ನೇ ಹೇಳುತ್ತಿದ್ದೀರಿ. ಪ್ರಶ್ನೆ ಕೇಳಿದವರು ವಸ್ತುವೇ ಆಗಬೇಕೆಂದಿಲ್ಲ ಎಂದು ಸ್ಪಷ್ಟವಾಗಿ ಬರೆದಿರುವುದರಿಂದ ನನ್ನದೊಂದು ಸೂಚನೆಯಿದೆ: ಆ ಮನೆಯ ಚಾವಡಿಯಲ್ಲಿ ಒಂದು ತಾಳಮದ್ದಳೆಯನ್ನು, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನವನ್ನು, ಏರ್ಪಡಿಸಿಕೊಡಿ.

ಒಕ್ಕಲಿನ ದಿನವೇ ಬೇಡ. ಅಂದು ಹೋಮ, ಊಟ, ನೆಂಟರ ಗದ್ದಲದ ನಡುವೆ ಅರ್ಥ ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ. ಮನೆಯ ಯಜಮಾನ ಭಾಗವತರ ಮುಂದೆ ಕುಳಿತದ್ದಕ್ಕಿಂತ ಪಂಕ್ತಿಯಲ್ಲಿ ಓಡಾಡಿದ್ದೇ ಹೆಚ್ಚಾಗುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರಿಗೆ ಬಿಡುವಿರುತ್ತದೆ, ತಾಳಮದ್ದಳೆಗೆ ಮಳೆಗಾಲವೇ ಹಿಂದಿನಿಂದ ಬಂದ ಋತು. ಜುಲೈ ಆಗಸ್ಟ್‌ನಲ್ಲಿ ಮಗಳು ಊರಿಗೆ ಬರುವ ಒಂದು ಶನಿವಾರ ಸಂಜೆಯನ್ನು ಗೊತ್ತುಮಾಡಿ. ಹಾಡುವ ಭಾಗವತರು, ಮದ್ದಳೆ, ಚೆಂಡೆ, ಚಕ್ರತಾಳ, ಪಾತ್ರಗಳ ಮಾತಾಡುವ ಮೂರು ನಾಲ್ಕು ಮಂದಿ ಅರ್ಥಧಾರಿಗಳು ಸಾಕು. ಅಂಗದನೋ ಕೃಷ್ಣನೋ ಸಂಧಾನಕ್ಕೆ ಹೋಗುವ ಕತೆಗಳು ಮನೆಯ ಕೂಟಕ್ಕೆ ಹೇಳಿ ಮಾಡಿಸಿದಂತಿವೆ: ಪಾತ್ರಗಳು ಕಡಿಮೆ, ವಾದ ಹೆಚ್ಚು, ಮೂರು ಗಂಟೆಯಲ್ಲಿ ಮುಗಿಸಲೂಬಹುದು. ಸಂಭಾವನೆಯನ್ನೂ ಪ್ರಯಾಣದ ಖರ್ಚನ್ನೂ ಮೊದಲೇ ಮಾತಾಡಿಕೊಳ್ಳಿ. ಹೆಸರಾಂತ ಅರ್ಥಧಾರಿಗಳನ್ನು ಕರೆದರೆ ನಿಮ್ಮ ಮೊತ್ತ ಸಾಲುವುದಿಲ್ಲ. ಊರಿನ ಹವ್ಯಾಸಿ ಸಂಘದವರೊಂದಿಗೆ ಮಾತಾಡಿದರೆ ದಾರಿಯಾಗಬಹುದು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನಾದ್ದರಿಂದ ಹೀಗೆ ಹೇಳುತ್ತಿದ್ದೇನೆಂದು ಕೆಲವರಿಗೆ ಅನಿಸಬಹುದು, ಅನಿಸಲಿ. ಶಾಲೆಯ ಹೊರಗೆ ದಿನವಿಡೀ ಮಲಯಾಳದಲ್ಲಿ ವ್ಯವಹರಿಸುವ ನಮ್ಮ ಮಕ್ಕಳು ಸಿದ್ಧತೆಯಿಲ್ಲದೆ ಹುಟ್ಟುವ ಪ್ರೌಢ ಕನ್ನಡವನ್ನು ಎದುರು ಕುಳಿತು ಕೇಳುವ ಅವಕಾಶ ಈಗ ಎಷ್ಟಿದೆ? ವಾದಿಸುವ ವಯಸ್ಸಿನ ಮಕ್ಕಳಿಗೆ ವಾದವನ್ನೇ ಕಲೆಯಾಗಿಸಿದ ಪ್ರಕಾರ ರುಚಿಸದೆ ಇರಲಾರದು.

ಉತ್ತರ: ಮಂಗಳೂರಿನಲ್ಲಿ ಓದುವ ಪೆರ್ಲದವಳು

ಇಷ್ಟು ಹೊತ್ತು ಮಾತಾಡಿದವರೆಲ್ಲರೂ ಹಿರಿಯರು. ಪ್ರಶ್ನೆಯಲ್ಲಿರುವ ಮಗಳ ವಯಸ್ಸು ಮತ್ತು ಪರಿಸ್ಥಿತಿ ಎರಡೂ ನನ್ನವೇ ಆಗಿರುವುದರಿಂದ ಆ ಕಡೆಯಿಂದ ಕೆಲವು ಮಾತುಗಳನ್ನು ಹೇಳಬಹುದೆಂದುಕೊಂಡಿದ್ದೇನೆ.

ಮೊದಲನೆಯದಾಗಿ, ಹಿರಿಯರು ‘ಮನೆಯವರಿಗೆಲ್ಲ’ ಎಂದು ಕೊಡುವ ಉಡುಗೊರೆಗಳಲ್ಲಿ ಹೆಚ್ಚಿನವು ಅಡುಗೆಮನೆಗೆ ಹೋಗುತ್ತವೆ. ಬಿಸಿನೀರಿನ ಯಂತ್ರವೋ ಪಾತ್ರೆಯ ಜೋಡಣೆಯೋ ಬಂದರೆ ಅದು ಅಮ್ಮನಿಗೆ ಇನ್ನೊಂದು ತೊಳೆಯುವ ಕೆಲಸ. ಉಳಿದವು ಹತ್ತು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡವು. ಹಿರಿಯರ ಕಣ್ಣಿಗೆ ನಾವು ಆ ವಯಸ್ಸಿನಲ್ಲೇ ನಿಂತಿರುತ್ತೇವೆ.

ಎರಡನೆಯದಾಗಿ, ಹಾಸ್ಟೆಲಿನಿಂದ ಶನಿವಾರ ಸಂಜೆ ಬಂದು ಭಾನುವಾರ ಸಂಜೆಯ ರೈಲಿಗೆ ಹೊರಡುವವರಿಗೆ ಮನೆಯಲ್ಲಿ ಸಿಗುವುದು ಒಂದು ದಿನ. ಅದರಲ್ಲಿ ಬಟ್ಟೆ ಒಗೆಯುವುದಿರುತ್ತದೆ, ನಿದ್ರೆಯಿರುತ್ತದೆ. ವಾರದ ಹಿಂದೆ ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಂದ ಮುಂದುವರಿಸಬೇಕಾದ ಯಾವುದೂ, ಅದು ದೀರ್ಘವಾದ ಬೋರ್ಡ್ ಗೇಮ್ ಆಗಲಿ ಎಲ್ಲರೂ ಸೇರಿ ನೋಡುವ ಧಾರಾವಾಹಿಯಾಗಲಿ, ನಡೆಯುವುದಿಲ್ಲ. ನಾನಿಲ್ಲದಾಗ ಉಳಿದವರು ಮುಂದೆ ಹೋಗಿರುತ್ತಾರೆ, ಇಲ್ಲವೇ ನನಗಾಗಿ ಕಾದು ಕೈಬಿಟ್ಟಿರುತ್ತಾರೆ. ಕೂಡಲೇ ಆರಂಭಿಸಿ ಕೂಡಲೇ ಮುಗಿಸಬಹುದಾದುದು ಬೇಕು. ಆ ದೃಷ್ಟಿಯಿಂದ ಕೇರಂ ಸರಿಯೆನಿಸುತ್ತದೆ.

ತಾಳಮದ್ದಳೆಯ ವಿಷಯ: ನನಗೆ ಇಷ್ಟ, ನನ್ನ ತಮ್ಮ ಮಂಗಳ ಹಾಡುವ ಮೊದಲೇ ಮಲಗಿರುತ್ತಾನೆ. ಕುಂಬಳೆಯ ಅಜ್ಜನವರು ಬೇಸರಿಸಬಾರದು. ಮನೆಯ ಮಕ್ಕಳಲ್ಲೊಬ್ಬರಿಗೆ ಚಕ್ರತಾಳವನ್ನಾದರೂ ಕೈಗೆ ಕೊಟ್ಟು ಕೂಟದಲ್ಲಿ ಕೂರಿಸಿದರೆ ಆಗ ನಿದ್ರೆ ಬರುವುದಿಲ್ಲ.

ಇನ್ನೊಂದು ಸಾಧ್ಯತೆಯನ್ನೂ ಯೋಚಿಸಿ. ಹಳೆಯ ಮನೆಯಿಂದ ಹೊಸ ಮನೆಗೆ ಸಾಮಾನು ಸಾಗಿಸುವಾಗ ಅಜ್ಜಿಯ ಪೆಟ್ಟಿಗೆಯಿಂದ ಹಳೆಯ ಫೋಟೋಗಳು ಹೊರಬಂದೇ ಬರುತ್ತವೆ. ನಮ್ಮಲ್ಲಿ ಮಳೆಗಾಲದ ತೇವಕ್ಕೆ ಅವು ಆಲ್ಬಮ್ಮಿನ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಎಳೆದರೆ ಮುಖವೇ ಕಿತ್ತುಬರುವ ಸ್ಥಿತಿಯಲ್ಲಿರುತ್ತವೆ. ಅವುಗಳನ್ನು ಸ್ಕ್ಯಾನ್ ಮಾಡಿಸಿ ಒಂದು ಪುಸ್ತಕವಾಗಿ ಅಚ್ಚು ಹಾಕಿಸಿಕೊಡುವ ಖರ್ಚನ್ನು ನೀವು ವಹಿಸಿಕೊಳ್ಳಬಹುದು. ಅಂಟಿಕೊಂಡಿರುವುದನ್ನು ಎಳೆಯದೆ, ಪ್ಲಾಸ್ಟಿಕ್ ಇರುವಂತೆಯೇ ಸ್ಕ್ಯಾನ್ ಮಾಡಬೇಕು. ಚಿಕ್ಕ ಫೋಟೋಗಳನ್ನು ಇಂಚಿಗೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ, 300ರಲ್ಲಿ ಅಚ್ಚು ಹಾಕುವಾಗ ಎರಡು ಪಟ್ಟು ದೊಡ್ಡದಾಗಿಸಬಹುದು. ಯಾರು ಯಾರು ಎಂದು ಹೇಳುವವರು ಅಜ್ಜಿ, ಬರೆದುಕೊಳ್ಳುವವರು ಮಕ್ಕಳು. ಇದು ಒಕ್ಕಲಿನ ದಿನಕ್ಕೆ ಸಿದ್ಧವಾಗುವುದಿಲ್ಲ, ಆಗಬೇಕೆಂದೂ ಇಲ್ಲ.

ಕೊನೆಯದಾಗಿ, ದಯವಿಟ್ಟು ಮಗಳಿಗೆ ನೀವೇ ಫೋನ್ ಮಾಡಿ ಕೇಳಿ. ಅಚ್ಚರಿಗೊಳಿಸುವ ಸಂತೋಷ ಕೊಡುವವರದ್ದು, ಬಳಸುವವರದ್ದಲ್ಲ.

ಉತ್ತರ: ಬಾಯಾರಿನ ಗೃಹಿಣಿ

ಚೆನ್ನೆಮಣೆಯನ್ನು ಯಾರೂ ಹೇಳಲಿಲ್ಲವಲ್ಲ! ಹಲಸಿನ ಮರದಲ್ಲಿ ಕೆತ್ತಿಸಿದ ಒಂದು ಒಳ್ಳೆಯ ಮಣೆ ನಿಮ್ಮ ಮೊತ್ತದೊಳಗೆ ಆಗಬಹುದು, ಹೊಸ ಮನೆಯ ಚಾವಡಿಗೆ ಶೋಭೆಯೂ ಹೌದು. ಏಳೇಳರ ಎರಡು ಸಾಲು, ಒಟ್ಟು ಹದಿನಾಲ್ಕು ಗುಳಿ, ಒಂದೊಂದರಲ್ಲಿ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಎಂಬ ಕೆಂಪು ಕಾಳು. ಪುಡಿ, ಬಲ್ಬು, ಡಬ್ಬಿ ಏನೂ ಬೇಡ. ತುಳುವರ ಆಟಿ ತಿಂಗಳ ಮಳೆಗೆ ಹೊರಗೆ ಕಾಲಿಡಲಾಗದ ದಿನಗಳಿಗೆಂದೇ ಇರುವ ಆಟ ಇದು, ಅಜ್ಜಿಗೆ ಯಾರೂ ಕಲಿಸಬೇಕಾಗಿಲ್ಲ.

ಉತ್ತರ: ಕುಂಬಳೆಯ ಹಿರಿಯ

ಬಾಯಾರಿನ ಅಮ್ಮನವರಿಗೆ ಒಂದು ಮಾತು. ಒಡಹುಟ್ಟಿದವರು ಎದುರುಬದುರು ಕುಳಿತು ಚೆನ್ನೆಯಾಡಬಾರದು ಎಂಬ ನಂಬಿಕೆ ತುಳುನಾಡಿನ ಬಹಳ ಮನೆಗಳಲ್ಲಿ ಇನ್ನೂ ಇದೆ. ಸಿರಿಯ ಪಾಡ್ದನ ಎಂಬ ತುಳು ಜನಪದ ಕಥನಗೀತೆಯಲ್ಲಿ ಅವಳಿ ಅಕ್ಕತಂಗಿಯರಾದ ಅಬ್ಬಗೆ ದಾರಗೆಯರು ಚೆನ್ನೆಯಾಡುತ್ತ ಜಗಳ ಬಂದು, ಮಣೆಯ ಪೆಟ್ಟಿಗೆ ಒಬ್ಬಳು ಸಾಯುವ ಪ್ರಸಂಗ ನಿಮಗೂ ಗೊತ್ತಿದ್ದೀತು. ನಾನು ಇದನ್ನು ನಂಬುತ್ತೇನೆಯೇ ಎಂಬುದು ಬೇರೆ ಪ್ರಶ್ನೆ. ಅಕ್ಕ ತಮ್ಮ ಇಬ್ಬರೇ ಮಕ್ಕಳಿರುವ ಮನೆಗೆ, ಅದೂ ಒಕ್ಕಲಿನ ದಿನ, ಅದನ್ನು ಕೊಂಡೊಯ್ದರೆ ಅಜ್ಜಿಯ ಮುಖ ಹೇಗಾಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಅದಲ್ಲದೆ ಚೆನ್ನೆ ಇಬ್ಬರ ಆಟ, ಆ ಮನೆಯಲ್ಲಿ ಐವರಿದ್ದಾರೆ.

ಪೆರ್ಲದ ಮಗುವಿನ ಚಕ್ರತಾಳದ ಸಲಹೆಯನ್ನು ನಮ್ಮ ಸಂಘದವರಿಗೆ ತಿಳಿಸುತ್ತೇನೆ.

ಉತ್ತರ: ಹೊಸಂಗಡಿಯ ಓದುಗ

ಎಲ್ಲರನ್ನೂ ಒಟ್ಟಿಗೆ ಒಂದು ದಿನ ಹೊರಗೆ ಕಳುಹಿಸುವುದೂ ಉಡುಗೊರೆಯೇ. ಕಾಸರಗೋಡಿನವರಿಗೆ ಬೇಕಲ ಕೋಟೆಯನ್ನು ತೋರಿಸಿ ಪ್ರಯೋಜನವಿಲ್ಲ. ಇಕ್ಕೇರಿಯ ಶಿವಪ್ಪ ನಾಯಕನ ಹೆಸರನ್ನು ಅಲ್ಲಿ ಶಾಲಾ ಪ್ರವಾಸದಲ್ಲೇ ಕೇಳಿ ಮುಗಿದಿರುತ್ತದೆ. ಮಂಗಳೂರಿನ ಪಿಲಿಕುಳದ ತಾರಾಲಯ 2018ರಲ್ಲಿ ಆರಂಭವಾದುದು, ಮೂರು ಆಯಾಮದಲ್ಲಿ ಆಕಾಶವನ್ನು ತೋರಿಸುತ್ತಾರೆ. ಮಗಳು ಮಂಗಳೂರಿನಲ್ಲೇ ಇರುವುದರಿಂದ ಉಳಿದ ನಾಲ್ವರು ಹೋಗಿ ಅವಳನ್ನು ಸೇರಿಕೊಂಡರಾಯಿತು. ತೆಂಕಣ ದಿಕ್ಕಿಗಾದರೆ ವಲಿಯಪರಂಬದ ಹಿನ್ನೀರಿನಲ್ಲಿ ದೋಣಿಯಿದೆ, ಆದರೆ ಮಳೆಗಾಲ ಕಳೆದ ಮೇಲೆ ಹೋಗುವುದು ಲೇಸು. ಕಾರಿನ ಬಾಡಿಗೆಯನ್ನು ಮರೆಯದೆ ಲೆಕ್ಕಕ್ಕೆ ಸೇರಿಸಿ. ಬಾಡಿಗೆ ಭಾವನ ಕೈಯಿಂದ ಹೋದರೆ ಅದು ಉಡುಗೊರೆಯಾಗುವುದಿಲ್ಲ.

ಮರುಬರಹ: ವಿದ್ಯಾನಗರ ನಿವಾಸಿ

ಉತ್ತರಿಸಿದ ಎಲ್ಲರಿಗೂ ವಂದನೆಗಳು. ಪೆರ್ಲದ ತಂಗಿಯ ಮಾತಿನಂತೆ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಹಾಸ್ಟೆಲಿನ ಸಾಮಾನ್ಯ ಕೋಣೆಯಲ್ಲಿ ಕೇರಂ ಬೋರ್ಡಿದೆಯಂತೆ, ರಾತ್ರಿ ಊಟದ ಬಳಿಕ ಅದಕ್ಕೆ ಸಾಲು ನಿಲ್ಲಬೇಕಂತೆ. ಮನೆಗೂ ಒಂದು ಬರುತ್ತದೆಂದರೆ ತಮ್ಮನನ್ನು ಸೋಲಿಸುವುದು ತನ್ನ ಜವಾಬ್ದಾರಿ ಎಂದಳು. ದುರ್ಬೀನಿನ ಕುರಿತು ಕೇಳಿದಾಗ, ತನಗೆ ಬೇಕು, ಆದರೆ ಮಂಗಳೂರಿಗೆ ಕೊಂಡುಹೋಗುತ್ತೇನೆ ಎಂದಳು. ಅಲ್ಲಿಗೆ ಆ ಚರ್ಚೆ ಮುಗಿಯಿತು. ಅದನ್ನು ಅವಳ ಪದವಿ ಮುಗಿದಾಗ ಅವಳಿಗೇ ಕೊಡಲು ತೆಗೆದಿರಿಸಿದ್ದೇನೆ, ಹಕ್ಕಿವೀಕ್ಷಕರ ಸಂಖ್ಯೆಗಳನ್ನು ಬರೆದಿಟ್ಟುಕೊಂಡಿದ್ದೇನೆ.

ಚೆನ್ನೆಮಣೆಯ ವಿಚಾರವನ್ನು ಅಕ್ಕನಲ್ಲಿ ಮೆಲ್ಲನೆ ಎತ್ತಿದಾಗ, ಕುಂಬಳೆಯ ಹಿರಿಯರು ಊಹಿಸಿದಂತೆಯೇ, ಅತ್ತೆಗೆ ಅದು ಒಪ್ಪಿಗೆಯಾಗದು ಎಂಬ ಉತ್ತರ ಬಂತು. ಹಣ ಕೊಡುವುದಾದರೆ ಭಾವ ತೆಗೆದುಕೊಳ್ಳುವವರಲ್ಲ.

ಆದ್ದರಿಂದ ಮೂವರ ಪರವಾಗಿ ಕೇರಂ ಬೋರ್ಡು, ಸ್ಟ್ಯಾಂಡು ಮತ್ತು ತೂಗುದೀಪ ಎಂದು ನಿಶ್ಚಯವಾಗಿದೆ. ಉಳಿಯುವ ಹಣ ಫೋಟೋ ಪುಸ್ತಕಕ್ಕೆ. ಹೆಸರುಗಳನ್ನು ಬರೆದುಕೊಳ್ಳುವ ಕೆಲಸವನ್ನು ಅಳಿಯನಿಗೆ ಒಪ್ಪಿಸುತ್ತೇನೆ, ಏಕೆಂದರೆ ಅಜ್ಜಿ ಅವನೊಂದಿಗೆ ಮಾತ್ರ ಬೇಸರವಿಲ್ಲದೆ ಮಾತಾಡುತ್ತಾರೆ. ತಾಳಮದ್ದಳೆಯ ಖರ್ಚನ್ನು ಅಣ್ಣ ಒಬ್ಬನೇ ವಹಿಸಿಕೊಳ್ಳುತ್ತೇನೆ ಎಂದು ಹೊರಟಿದ್ದಾನೆ. ಟಿವಿಯ ಮಾತು ಬಿದ್ದುಹೋದ ಮೇಲೆ ಅವನಿಗೂ ಏನಾದರೊಂದು ಬೇಕಿತ್ತು.

ನೀರ್ಚಾಲಿನವರಲ್ಲಿ ಎರಡು ಪ್ರಶ್ನೆಗಳಿವೆ. ಅಂಗಡಿಯಲ್ಲಿ ಬೋರ್ಡನ್ನು ಪರೀಕ್ಷಿಸುವುದು ಹೇಗೆ? ಮಳೆಗಾಲದಲ್ಲಿ ಅದನ್ನು ಕಾಪಾಡುವುದು ಹೇಗೆ?

ಉತ್ತರ: ನೀರ್ಚಾಲಿನವರು

ಒಂದು ಉದ್ದನೆಯ ನೇರವಾದ ಅಳತೆಪಟ್ಟಿಯನ್ನು ಕೊಂಡುಹೋಗಿ. ಬೋರ್ಡನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ನಿಲ್ಲಿಸಿ, ಕೆಳಗಿನಿಂದ ಬೆಳಕು ತೂರುತ್ತದೆಯೇ ನೋಡಿ. ನಡುವೆ ತೂರಿದರೆ ಬೋರ್ಡು ತಗ್ಗಿದೆ, ಪಟ್ಟಿ ತೊನೆದಾಡಿದರೆ ಉಬ್ಬಿದೆ. ಎರಡೂ ಕರ್ಣಗಳನ್ನು ಅಳೆಯಿರಿ, ವ್ಯತ್ಯಾಸವಿದ್ದರೆ ಚೌಕಟ್ಟು ಓರೆಯಾಗಿದೆ. ನಂತರ ಪುಡಿ ಹಾಕಿಸಿ, ಸ್ಟ್ರೈಕರನ್ನು ಎದುರಿನ ಚೌಕಟ್ಟಿಗೆ ಜೋರಾಗಿ ಹೊಡೆದರೆ ಅದು ಮೂರು ಸಲವಾದರೂ ಆಚೀಚೆ ಮರಳಬೇಕು. ನಾಲ್ಕೂ ಬದಿಗಳಲ್ಲಿ ಹಾಗೆ ಮಾಡಿ ನೋಡಿ, ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಕಾಯಿಗಳು ಒಂಬತ್ತು ಬಿಳಿ, ಒಂಬತ್ತು ಕಪ್ಪು, ಒಂದು ಕೆಂಪು. ಬೋರ್ಡಿನೊಂದಿಗೆ ಉಚಿತವಾಗಿ ಕೊಡುವ ಪ್ಲಾಸ್ಟಿಕ್ ಕಾಯಿಗಳನ್ನು ಅಲ್ಲೇ ಬಿಟ್ಟು ಮರದವನ್ನು ಕೊಳ್ಳಿ. ಸ್ಟ್ರೈಕರ್ 15 ಗ್ರಾಂ ಮೀರಬಾರದು. ಅಜ್ಜಿಯ ಕೈಗೆ ಸ್ವಲ್ಪ ಹಗುರವಾದುದು ಇನ್ನೊಂದಿರಲಿ.

ಮಳೆಗಾಲದಲ್ಲಿ ಎಲ್ಲರೂ ಬೋರ್ಡನ್ನು ಗೋಡೆಗೆ ಒರಗಿಸಿ ಇಡುತ್ತಾರೆ. ಹೊಸ ಮನೆಯ ಗೋಡೆ ಮೊದಲ ವರ್ಷ ತೇವವನ್ನು ಬಿಡುತ್ತಲೇ ಇರುತ್ತದೆ, ಓರೆಯಾಗಿ ನಿಂತ ಪ್ಲೈವುಡ್ ಆ ತೇವದಲ್ಲಿ ನಿಧಾನವಾಗಿ ಬಾಗುತ್ತದೆ. ಸ್ಟ್ಯಾಂಡಿನ ಮೇಲೆಯೇ ಮಟ್ಟಸವಾಗಿ ಬಿಟ್ಟು ಹತ್ತಿಯ ಬಟ್ಟೆ ಹೊದಿಸಿ, ಪ್ಲಾಸ್ಟಿಕ್ ಹಾಳೆ ಬೇಡ. ಹಾಗೆ ಬಿಡಲು ಚಾವಡಿಯಲ್ಲಿ ಕಾಯಂ ಜಾಗ ಬೇಕಾಗುತ್ತದೆ. ಸೋಫಾ ಇಡುವ ಮೊದಲೇ ಭಾವನಲ್ಲಿ ಮಾತಾಡಿಕೊಳ್ಳಿ. ಬೋರಿಕ್ ಪುಡಿ ತೇವಕ್ಕೆ ಗಂಟು ಕಟ್ಟುವುದರಿಂದ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ. ಅದು ಹೊಟ್ಟೆಗೆ ಹೋಗಬಾರದ ವಸ್ತು, ನೆಂಟರ ಚಿಕ್ಕ ಮಕ್ಕಳು ಬಂದಾಗ ಮೇಲೆತ್ತಿಡಲು ಹೇಳಿ.

ಬೋರ್ಡು ಆಟೋರಿಕ್ಷಾದಲ್ಲಿ ನೆಟ್ಟಗೆ ಕೂರುವುದಿಲ್ಲ, ಬಸ್ಸಿನಲ್ಲಿ ಒಯ್ದರೆ ಮೂಲೆ ಒಡೆಯುತ್ತದೆ. ಒಕ್ಕಲಿನ ಹಿಂದಿನ ದಿನ ಅಡುಗೆಯ ಪಾತ್ರೆ ಸಾಗಿಸುವ ಜೀಪು ಕಾಸರಗೋಡಿನಿಂದ ಹೇಗೂ ಹೋಗುತ್ತದೆ ಎಂದಾದರೆ, ಅದರಲ್ಲಿ ಎಲ್ಲದರ ಮೇಲೆ ಮಟ್ಟಸವಾಗಿ ಇರಿಸಿ ಕಳುಹಿಸಬಹುದು.